ಬದುವಿನ ಬಳ್ಳಾರಿ ಜಾಲಿ: ಕಡಿದರೆ ಸಾಲದು, ಕೀಳಬೇಕು

ನಮ್ಮ ಹೊಲ ಯಾದಗಿರಿ ಕಡೆ, ಹಳ್ಳದ ದಂಡೆಗೆ. ಬದುವಿನ ತುಂಬ ಜಾಲಿ ಕಂಟಿ ಬೆಳೆದು, ತೊಗರಿ ರಾಶಿ ಟೈಮಿಗೆ ಟ್ರ್ಯಾಕ್ಟರ್ ಒಳಗೆ ಬರೋಕೂ ದಾರಿ ಇರಲಿಲ್ಲ. ಒಂದು ಬೇಸಿಗೆ ಕೊಡಲಿ ಹಿಡಿದು ನೆಲಮಟ್ಟಕ್ಕೆ ಕಡಿದೆವು, ಮುಳ್ಳಿಗೆ ಬೆಂಕಿ ಇಟ್ಟೆವು, ಕೆಲಸ ಮುಗೀತು ಅಂದುಕೊಂಡೆವು. ಮಳೆ ಆದ ಮೇಲೆ ಹೋಗಿ ನೋಡಿದರೆ ಒಂದು ಕಾಂಡ ಇದ್ದಲ್ಲಿ ಆರು ಚಿಗುರು!

ಹೆಸರು ಬಳ್ಳಾರಿ ಜಾಲಿ ಅಂತಿದ್ದರೂ ಇದರ ತವರು ಅಮೆರಿಕ ಖಂಡ. ಬರಡು ನೆಲದಲ್ಲೂ ಉರುವಲು ಸಿಗಲಿ ಅಂತ 1870ರ ದಶಕದಲ್ಲಿ ನಮ್ಮ ದೇಶಕ್ಕೆ ತಂದರು. ಉರುವಲು ಸಿಕ್ಕಿದ್ದು ಸುಳ್ಳಲ್ಲ, ಎಷ್ಟೋ ಮನೆಗಳ ಒಲೆ ಉರಿದದ್ದು ಇದರಿಂದಲೇ. ಆದರೆ ಅದು ಬದು, ಕೆರೆ, ಹಳ್ಳ ಯಾವುದನ್ನೂ ಬಿಡಲಿಲ್ಲ.

ಮೊದಲು ಗಿಡ ಗುರುತು ಹಿಡಿಯಿರಿ. ನಮ್ಮ ಕರಿಜಾಲಿಯ ಹೂವು ಹಳದಿ ಗುಂಡು, ಕಾಯಿ ಮಣಿ ಪೋಣಿಸಿದ ಸರದ ಹಾಗೆ. ಅದನ್ನ ಮುಟ್ಟಬೇಡಿ. ಬಳ್ಳಾರಿ ಜಾಲಿಯ ಹೂವು ಉದ್ದನೆ ತೆನೆ, ಮಾಗಿದ ಕಾಯಿ ಹಳದಿ ಬಣ್ಣದ ಚಪ್ಪಟೆ ಕೋಡು.

ಬೇಸಿಗೆಯಲ್ಲಿ ಎರೆ ಮಣ್ಣು ಕಲ್ಲಾಗಿರುತ್ತೆ, ಸುಮ್ನೆ ಗುದ್ದಲಿ ಮುರಿಯಬೇಡಿ. ಒಂದೆರಡು ಮಳೆ ಬಿದ್ದು ನೆಲ ಹಸಿಯಾಗಿ, ಆದರೆ ಕಾಲಿಗೆ ಅಂಟದಷ್ಟು ಆರಿದಾಗ, ಬಿತ್ತನೆ ಗಡಿಬಿಡಿಗೆ ಮುಂಚೆ ಇಳಿಯಿರಿ. ಬೂಟು ಹಾಕಿಕೊಳ್ಳಿ, ಇದರ ಮುಳ್ಳು ಚಪ್ಪಲಿ ತೂರಿ ಬರುತ್ತೆ. ಕವೆಗೋಲಿನಿಂದ ಕೊಂಬೆ ಒತ್ತಿ ಹಿಡಿದು ಸವರಿ, ಕಾಂಡ ಮಾತ್ರ ಸೊಂಟದೆತ್ತರ ಬಿಡಿ, ಆಮೇಲೆ ಜಗ್ಗೋಕೆ ಹಿಡಿ ಬೇಕಲ್ವಾ. ಈಗ ಬುಡದ ಸುತ್ತ ಅಗೆಯಿರಿ. ಮಣ್ಣಿನೊಳಗೆ ಕಾಂಡ ಬೇರಿಗೆ ಸೇರೋ ಕಡೆ ದಪ್ಪಗೆ ಗಂಟಿನ ಥರ ಇರುತ್ತೆ, ಚಿಗುರು ಬರೋದೇ ಅಲ್ಲಿಂದ. ಹಾಗಾಗಿ ಒಂದಡಿ ಕೆಳಗೆ ಇಳಿದು, ಆ ಗಂಟಿಗಿಂತ ಕೆಳಗಿನ ಬೇರು ಕಡಿದು, ಗಂಟು ಪೂರ್ತಿ ಹೊರಗೆ ತೆಗೆಯಿರಿ. ದಿನಕ್ಕೆ ಏಳೆಂಟು ಬುಡ ಆದರೆ ಜಾಸ್ತಿ ಆಯ್ತು. ಸಣ್ಣ ಸಸಿ ಕೈಯಲ್ಲೇ ಬರುತ್ತೆ.

ದಪ್ಪ ಕಟ್ಟಿಗೆಯನ್ನ ಇದ್ದಿಲು ಸುಡುವವರಿಗೆ ಕೊಡಿ. ಕಾಯಿ ಇರೋ ಕೊಂಬೆಯಿಂದ ಮಾತ್ರ ಬೇಲಿ ಹಾಕಬೇಡಿ.

ಇನ್ನೊಂದು ಮಾತು, ಇದನ್ನ ನಾವು ತಡವಾಗಿ ಕಲಿತೆವು. ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ನಿಲ್ಲಿಸುತ್ತೇವಲ್ಲ, ಕಾಯಿ ಮಾಗೋ ದಿನಗಳಲ್ಲಿ ಬಂದ ಕುರಿಗಳು ಹಿಕ್ಕೆ ಜೊತೆ ಬೀಜಾನೂ ಹಾಕಿ ಹೋಗುತ್ತವೆ. ಬೀಜ ಹೊಟ್ಟೆಯಲ್ಲಿ ಸಾಯೋದಿಲ್ಲ, ಬದಲಿಗೆ ಸಲೀಸಾಗಿ ಮೊಳೆಯುತ್ತೆ. ಅದಕ್ಕೇ ಈಗ ಕುರಿಯವರಿಗೆ ಕಾಯಿ ಇಲ್ಲದ ದಿನ ನೋಡಿ ಬರೋಕೆ ಹೇಳುತ್ತೇವೆ. ಆದರೂ ಎರಡು ಮೂರು ವರ್ಷ ಪ್ರತಿ ಮಳೆಯ ನಂತರ ಬದು ಸುತ್ತಲೇಬೇಕು.

ಹಳ್ಳದ ದಂಡೆಯಲ್ಲಿ ಒಂದೇ ದಿನಕ್ಕೆ ಜೆಸಿಬಿ ಬಿಡಬೇಡಿ, ಬೇರು ಹೋದರೆ ದಂಡೆ ಕುಸಿದು ಮಣ್ಣೆಲ್ಲ ನೀರಿನ ಪಾಲು. ಮೊದಲು ಹೊಂಗೆ, ಬೇವು ನೆಡಿ. ನಮ್ಮ ದಂಡೆಯಲ್ಲಿ ಇನ್ನೂ ನಾಲ್ಕು ಜಾಲಿ ಹಾಗೇ ಇವೆ, ಪಕ್ಕದ ಹೊಂಗೆ ಸಸಿ ಈಗ ಮೊಣಕಾಲೆತ್ತರ.