109 ಮಿಲಿಮೀಟರ್ ಸೂರ್ಯ

ನನ್ನ ಹತ್ತಿರ ಇರುವುದು ಒಂದು ಸಣ್ಣ ಟೆಲಿಸ್ಕೋಪ್. 70 ಮಿ.ಮೀ. ಮಸೂರ, 900 ಮಿ.ಮೀ. ಫೋಕಲ್ ಲೆಂಗ್ತ್, ಅಂದರೆ ಮಸೂರದಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ. ರಾತ್ರಿ ಆಕಾಶ ನೋಡೋಣ ಅಂತ ತಂದಿದ್ದೆ. ಆದರೆ ಮೈಸೂರಿನಲ್ಲಿ ನಮ್ಮ ಬೀದಿದೀಪಗಳ ಬೆಳಕಿನಲ್ಲಿ ನಕ್ಷತ್ರಗಳು ಸರಿಯಾಗಿ ಕಾಣಿಸಲಿಲ್ಲ. ಆಗ ಹಗಲಲ್ಲೇ ಕಾಣುವ ನಕ್ಷತ್ರದ ಕಡೆ ತಿರುಗಿದೆ.

ಮೊದಲು ಕಣ್ಣಿನ ವಿಷಯ ಹೇಳಿಬಿಡುತ್ತೇನೆ. ಟೆಲಿಸ್ಕೋಪ್ ಜೊತೆ ಬಂದ ಡಬ್ಬದಲ್ಲಿ, ನಾವು ಕಣ್ಣಿಡುವ ಮಸೂರಕ್ಕೆ ಅಂದರೆ ಐಪೀಸ್‌ಗೆ ತಿರುಗಿಸಿ ಹಾಕುವ ಒಂದು ಕಪ್ಪು ಗಾಜು ಇತ್ತು, ಸೂರ್ಯನನ್ನು ನೋಡಲು ಅಂತ. ಅದನ್ನು ಒಡೆದು ಬಿಸಾಡಿದೆ. ಮಸೂರ ಒಟ್ಟುಮಾಡಿದ ಬಿಸಿಯೆಲ್ಲ ಆ ಗಾಜಿನ ಮೇಲೇ ಬೀಳುತ್ತದೆ. ಅದು ಯಾವ ಕ್ಷಣದಲ್ಲಾದರೂ ಸೀಳಬಹುದು, ಆಗ ಅದರ ಹಿಂದೆಯೇ ನಮ್ಮ ಕಣ್ಣು ಇರುತ್ತದೆ. ಫಿಲ್ಟರ್ ಇರಬೇಕಾದ್ದು ಟೆಲಿಸ್ಕೋಪಿನ ಮುಂದೆ, ಬೆಳಕು ಒಳಗೆ ಹೋಗುವ ಮೊದಲೇ. ನಾನು ಬಳಸುವುದು ಬಾಡರ್ ಕಂಪನಿಯ ಸೋಲಾರ್ ಫಿಲ್ಮ್. ಲಕ್ಷದಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಅದು ಸ್ವಲ್ಪ ಸುಕ್ಕಾಗಿದ್ದರೆ ತೊಂದರೆ ಇಲ್ಲ, ಎಳೆದು ಬಿಗಿ ಮಾಡಬಾರದು. ಆದರೆ ಸೂಜಿಮೊನೆಯಷ್ಟು ತೂತು ಬಿದ್ದರೂ ಮುಗಿಯಿತು. ಅದಕ್ಕೇ ಪ್ರತಿ ಸಲ ಬಲ್ಬಿನ ಎದುರು ಹಿಡಿದು ನೋಡಿಯೇ ಹಾಕುತ್ತೇನೆ. ಗಾಳಿಗೆ ಹಾರದಂತೆ ಸುತ್ತ ಟೇಪ್ ಬೇರೆ.

ಒಂದು ದಿನ ಇಷ್ಟೆಲ್ಲ ಮಾಡಿ ಫೈಂಡರ್ (ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ದೂರದರ್ಶಕ) ಮುಚ್ಚುವುದನ್ನು ಮರೆತೆ. ಬಗ್ಗಿ ಸ್ಕ್ರೂ ತಿರುಗಿಸುತ್ತಿದ್ದಾಗ ಭುಜದ ಹತ್ತಿರ ಸುಟ್ಟ ವಾಸನೆ ಬಂತು. ಅಂಗಿಯಲ್ಲಿ ಸಾಸಿವೆ ಕಾಳಿನಷ್ಟು ತೂತು. ಅಲ್ಲಿ ಬಟ್ಟೆಯ ಬದಲು ಮಗುವಿನ ಕಣ್ಣು ಇದ್ದಿದ್ದರೆ? ಅವತ್ತೇ ಫೈಂಡರ್ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಸೂರ್ಯನನ್ನು ಹುಡುಕಲು ಅದು ಬೇಕೂ ಇಲ್ಲ. ನೆಲದ ಮೇಲೆ ಕೊಳವೆಯ ನೆರಳು ನೋಡುತ್ತಾ ತಿರುಗಿಸಿದರೆ ಸಾಕು. ನೆರಳು ಕುಗ್ಗಿ ದುಂಡಗಾದರೆ ಸೂರ್ಯ ಸಿಕ್ಕ ಹಾಗೆ.

ಫೋಟೋ ತೆಗೆಯುವುದು ನಾನು ಅಂದುಕೊಂಡಷ್ಟು ಕಷ್ಟ ಇರಲಿಲ್ಲ. ಫೋಕಲ್ ಲೆಂಗ್ತನ್ನು 109ರಿಂದ ಭಾಗಿಸಿದರೆ ಸೆನ್ಸಾರ್ ಮೇಲೆ ಬೀಳುವ ಸೂರ್ಯನ ಅಗಲ ಹೆಚ್ಚುಕಡಿಮೆ ಗೊತ್ತಾಗುತ್ತದೆ. ನನ್ನದರಲ್ಲಿ ಸುಮಾರು 8 ಮಿ.ಮೀ. ಮಾಮೂಲಿ ಡಿಎಸ್‌ಎಲ್‌ಆರ್‌ನಲ್ಲಿ ಪೂರ್ತಿ ಬಿಂಬ ಹಿಡಿಸುತ್ತದೆ. ಐಎಸ್‌ಒ 100, ಶಟರ್ 1/400 ಸೆಕೆಂಡಿನ ಸುತ್ತಮುತ್ತ. ಕಷ್ಟ ಇರುವುದು ಫೋಕಸ್‌ನಲ್ಲಿ. ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಹಾಗಾಗಿ ತಲೆ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡು, ಒಂದು ಸೂರ್ಯಕಲೆಯನ್ನು (ಸೂರ್ಯನ ಮೈಮೇಲೆ ಕಾಣುವ ಕಪ್ಪು ಮಚ್ಚೆ) ದೊಡ್ಡದು ಮಾಡಿ, ಅದರ ಅಂಚು ಚೂಪಾಗುವ ತನಕ ತಿರುಗಿಸುತ್ತೇನೆ. ಮೊದಲು ತಾರಸಿ ಮೇಲೆ ಇಡುತ್ತಿದ್ದೆ. ಕಾಂಕ್ರೀಟ್ ಕಾದಂತೆ ಬಿಂಬ ಕುದಿಯುವ ನೀರಿನ ತಳದ ಕಲ್ಲಿನ ಹಾಗೆ ನಡುಗುತ್ತಿತ್ತು. ಈಗ ಹಿತ್ತಲಿನ ಹುಲ್ಲಿನ ಮೇಲೆ, ಬೆಳಿಗ್ಗೆ ಏಳೂವರೆಯಿಂದ ಎಂಟೂವರೆ ಒಳಗೆ ಮುಗಿಸುತ್ತೇನೆ. ಗಾಳಿ ಜಾಸ್ತಿ ನಡುಗುವ ದಿನ ವಿಡಿಯೊ ತೆಗೆದು, ಆಟೋಸ್ಟಾಕರ್ಟ್ ತಂತ್ರಾಂಶದಲ್ಲಿ ಚೆನ್ನಾಗಿರುವ ಚೌಕಟ್ಟುಗಳನ್ನಷ್ಟೇ ಆರಿಸಿ ಒಂದರ ಮೇಲೊಂದು ಕೂಡಿಸುತ್ತೇನೆ.

ಆದರೂ ಸೂರ್ಯ ನನಗೆ ಹತ್ತಿರವಾದದ್ದು ಕ್ಯಾಮೆರಾದಿಂದ ಅಲ್ಲ, ಕಾಗದದಿಂದ. ಫಿಲ್ಟರ್ ತೆಗೆದು, ಐಪೀಸ್ ಹಿಂದೆ ಕ್ಲಿಪ್‌ಬೋರ್ಡ್ ಹಿಡಿದು ಬಿಂಬ ಬೀಳಿಸುತ್ತೇನೆ. ಆಗ ಕೊಳವೆಯ ಹತ್ತಿರ ಯಾರೂ ಕಣ್ಣಿಡಬಾರದು, ನಾನೂ ಪಕ್ಕ ಬಿಟ್ಟು ಹೋಗುವುದಿಲ್ಲ. ಕಾಗದದ ಮೇಲೆ ಮೊದಲೇ 109 ಮಿ.ಮೀ. ಅಗಲದ ವೃತ್ತ ಬರೆದಿರುತ್ತೇನೆ. ಯಾಕೆ 109? ಸೂರ್ಯನ ಅಗಲ ಭೂಮಿಯ ಅಗಲದ 109 ಪಟ್ಟು. ಅಂದರೆ ಈ ಕಾಗದದಲ್ಲಿ ನಮ್ಮ ಭೂಮಿ ಸರಿಯಾಗಿ ಒಂದು ಮಿಲಿಮೀಟರ್, ಪೆನ್ಸಿಲ್ ಮೊನೆಯ ಒಂದು ಚುಕ್ಕಿ. ಬಿಂಬ ವೃತ್ತಕ್ಕೆ ಸರಿಯಾಗಿ ಕೂರುವ ತನಕ ಬೋರ್ಡನ್ನು ಹಿಂದೆ ಮುಂದೆ ಮಾಡಿ, ಕಲೆಗಳ ಮೇಲೆ ಪೆನ್ಸಿಲ್ ಆಡಿಸುವುದು. ಟೆಲಿಸ್ಕೋಪನ್ನು ಹಾಗೇ ಬಿಟ್ಟರೆ ಬಿಂಬ ಜಾರುವ ದಿಕ್ಕೇ ಪಶ್ಚಿಮ.

2024ರ ಮೇ ತಿಂಗಳ ಕಾಗದಗಳನ್ನು ಬೇರೆ ಫೈಲಿನಲ್ಲಿಟ್ಟಿದ್ದೇನೆ. 5ನೇ ತಾರೀಕು ಒಂದಿಷ್ಟು ಚುಕ್ಕಿಗಳು, ಅಷ್ಟೇ. 9ನೇ ತಾರೀಕು ಅದೇ ಗುಂಪಿಗೆ ಸ್ಕೇಲ್ ಇಟ್ಟೆ. 15 ಮಿ.ಮೀ.! ಹದಿನೈದು ಭೂಮಿಗಳನ್ನು ಸಾಲಾಗಿ ಇಟ್ಟಷ್ಟು. ಆ ಗುಂಪಿಗೆ ವಿಜ್ಞಾನಿಗಳು ಕೊಟ್ಟದ್ದು 13664 ಅಂತ ನಂಬರು. ಗ್ರಹಣದ ಕನ್ನಡಕ ಹಾಕಿಕೊಂಡು ಅಮ್ಮ ಟೆಲಿಸ್ಕೋಪ್ ಇಲ್ಲದೆಯೇ ಅದನ್ನು ಗುರುತಿಸಿದರು. ಮರುದಿನ ರಾತ್ರಿ ಅದು ಎಸೆದ ಕಣಗಳು ಭೂಮಿಗೆ ಬಡಿದು, ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಯಿತು. ಆ ಫೋಟೋ ನೋಡಿ ನಾನು ನನ್ನ ಪೆನ್ಸಿಲ್ ಗುರುತಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದೆ.

ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದಲೂ ಸೂರ್ಯನ ಚಿತ್ರ ತೆಗೆದು ಕೂಡಿಟ್ಟಿದ್ದಾರೆ. 1909ರಲ್ಲಿ ಖಗೋಳ ವಿಜ್ಞಾನಿ ಜಾನ್ ಎವರ್‌ಶೆಡ್, ಕಲೆಯ ಅಂಚಿನ ಮಬ್ಬು ಭಾಗದಲ್ಲಿ ಅನಿಲ ಹೊರಗೆ ಹರಿಯುವುದನ್ನು ಕಂಡುಹಿಡಿದದ್ದು ಅಲ್ಲೇ. ದಿನಾ ಬೆಳಿಗ್ಗೆ ಬೋರ್ಡ್ ಹಿಡಿಯುವಾಗ ಅವರ ನೆನಪಾಗುತ್ತದೆ.

ಮೇ 14ರ ಹೊತ್ತಿಗೆ ಆ 13664 ಗುಂಪು ಪಶ್ಚಿಮದ ಅಂಚಿಗೆ ಹೋಗಿ ಉಗುರಿನ ಗೀರಿನಂತೆ ತೆಳುವಾಯಿತು, ಆಮೇಲೆ ಮರೆಯಾಯಿತು. ಸೂರ್ಯ ನಮ್ಮ ಕಡೆಯಿಂದ ನೋಡಿದರೆ ಸುಮಾರು 27 ದಿನಕ್ಕೊಮ್ಮೆ ತಿರುಗುತ್ತಾನೆ, ಅರ್ಧ ಸುತ್ತು ಕಾಯಬೇಕು ಅಲ್ವಾ? ಕಾದೆ. ತಿಂಗಳ ಕೊನೆಗೆ, ಎರಡು ಮೋಡಗಳ ನಡುವೆ ಹತ್ತು ನಿಮಿಷ ಬಿಸಿಲು ಬಿದ್ದಾಗ, ಪೂರ್ವದ ಅಂಚಿನಲ್ಲಿ ಅದೇ ಗುಂಪು ಸೊರಗಿಕೊಂಡು, 13697 ಅನ್ನುವ ಹೊಸ ನಂಬರಿನಲ್ಲಿ ಬಂದಿತ್ತು. ಗುರುತು ಹಾಕಿ ಮುಗಿಸುವಷ್ಟರಲ್ಲಿ ಕಾಗದದ ಮೇಲೆ ಮಳೆಹನಿ ಬಿತ್ತು. ಆ ಕಲೆಯೂ ಅದರಲ್ಲಿ ಹಾಗೇ ಇದೆ.