ಕೂದಲು ಕಸಿಯಾದ ಮೇಲೆ ತಲೆ ತೊಳೆಯುವುದು ಹೇಗೆ?

ಎಫ್‌ಯುಇ (ಕೂದಲನ್ನು ಬೇರುಸಹಿತ ಒಂದೊಂದಾಗಿ ತೆಗೆದು ಬೇರೆಡೆ ನೆಡುವ) ವಿಧಾನದಲ್ಲಿ ನೆಟ್ಟ ಬೇರುಗಳು ಚರ್ಮದಲ್ಲಿ ಗಟ್ಟಿಯಾಗಿ ಕೂರಲು ಸುಮಾರು 10 ದಿನ ಬೇಕು. ಅಲ್ಲಿಯವರೆಗೆ ಉಜ್ಜಿದರೆ, ಕೆರೆದರೆ ಬೇರೇ ಕಿತ್ತು ಬರಬಹುದು. ನೆಟ್ಟ ಜಾಗದಲ್ಲಿ ರಕ್ತ ಜಿನುಗಿದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಮೊದಲ ಸಲ ತೊಳೆಯುವುದು ಸಾಮಾನ್ಯವಾಗಿ 2 ಅಥವಾ 3ನೇ ದಿನ, ಅದೂ ವೈದ್ಯರು ಹೇಳಿದ ಮೇಲೆ. ಶವರ್ ಖಂಡಿತ ಬೇಡ, ನೀರಿನ ರಭಸವೇ ಅಪಾಯ. ಬೇಬಿ ಶಾಂಪೂವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ನೊರೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒಂದೆರಡು ನಿಮಿಷ ಬಿಟ್ಟು ಮಗ್‌ನಿಂದ ನಿಧಾನವಾಗಿ ನೀರು ಹಾಕಿ. ಟವೆಲ್‌ನಿಂದ ಒರೆಸದೆ ಗಾಳಿಗೆ ಒಣಗಲು ಬಿಡಿ. ಹೆಲ್ಮೆಟ್ ತಾಗುವುದರಿಂದ ಈ ದಿನಗಳಲ್ಲಿ ಬೈಕ್ ಸವಾರಿಯೂ ಬೇಡ.

ಹಕ್ಕಳೆಗಳು 10–14 ದಿನಗಳಲ್ಲಿ ತಾವಾಗಿಯೇ ಉದುರುತ್ತವೆ. 2ರಿಂದ 8ನೇ ವಾರದೊಳಗೆ ನೆಟ್ಟ ಕೂದಲೂ ಉದುರಬಹುದು. ಬೇರು ಒಳಗೇ ಇರುತ್ತದೆ, ಹೆದರಬೇಡಿ. ಹೊಸ ಕೂದಲು 3–4 ತಿಂಗಳಿಗೆ ಮೂಡತೊಡಗುತ್ತದೆ, ಪೂರ್ಣ ಫಲ ಕಾಣಲು 12 ತಿಂಗಳು ಹಿಡಿಯುತ್ತದೆ.