ಪಾಲಿಯೆಸ್ಟರ್ ಬಟ್ಟೆಗೆ ಕಸ್ಟಮ್ಸ್ ಕೋಡ್ ಹುಡುಕುವುದು ಹೇಗೆ

ತುಮಕೂರಿನ ವಸಂತನರಸಾಪುರದ ಗಾರ್ಮೆಂಟ್ ಘಟಕಕ್ಕೆ ಚೆನ್ನೈ ಬಂದರಿನ ಮೂಲಕ ಥಾನು ತರಿಸುವವರು ಸರಕು ಹಡಗು ಹತ್ತುವ ಮೊದಲೇ ಅರ್ಧ ಮೀಟರ್ ಸ್ಯಾಂಪಲ್ ತರಿಸಿಕೊಳ್ಳಿ. ಇನ್‌ವಾಯ್ಸ್‌ನಲ್ಲಿ ಬರೀ 'ಪಾಲಿಯೆಸ್ಟರ್ ಫ್ಯಾಬ್ರಿಕ್' ಎಂದಿದ್ದರೆ ಸಾಲದು.

ಮೊದಲು ಅದು ನೇಯ್ದದ್ದೇ ನೋಡಿ. ಹೆಣೆದ (ನಿಟೆಡ್) ಬಟ್ಟೆಯಾದರೆ ಕಸ್ಟಮ್ಸ್ ಸುಂಕದ ಪಟ್ಟಿಯ 60ನೇ ಅಧ್ಯಾಯಕ್ಕೆ ಹೋಗುತ್ತದೆ. ಆಮೇಲೆ ಒಂದು ನೂಲು ಎಳೆದು ಹುರಿ ಬಿಚ್ಚಿ. ಎಳೆಗಳು ತುಂಡಾಗದೆ ಉದ್ದಕ್ಕೂ ಸಾಗಿದರೆ ಫಿಲಮೆಂಟ್, ಕೋಡ್ 5407ರಿಂದ ಶುರು. ಗಿಡ್ಡ ನಾರುಗಳಾಗಿ ಉದುರಿದರೆ ಸ್ಟೇಪಲ್, 55ನೇ ಅಧ್ಯಾಯ.

ಎಡವುವುದು 5407ರೊಳಗೇ. ಗುಂಗುರಾಗಿ ಹಿಗ್ಗುವ ಎಳೆ ಟೆಕ್ಸ್‌ಚರ್ಡ್. ನೇರವಾಗಿ ಹೊಳೆಯುವುದು ಸಾದಾ. ತೂಕದಲ್ಲಿ ಟೆಕ್ಸ್‌ಚರ್ಡ್ ಪಾಲಿಯೆಸ್ಟರ್ ಒಂದೇ ಶೇ 85 ಅಥವಾ ಹೆಚ್ಚಿದ್ದರೆ, ಬಿಳಿ ಇಲ್ಲವೇ ಕೋರಾ ಬಟ್ಟೆಗೆ 5407 51, ಬಣ್ಣ ಹಾಕಿದ್ದಕ್ಕೆ 52, ಬಣ್ಣಬಣ್ಣದ ನೂಲಿನದಕ್ಕೆ 53, ಪ್ರಿಂಟಿಗೆ 54. ಸಾದಾ ಎಳೆಯೇ ಅಷ್ಟಿದ್ದರೆ 5407 61. ಹಾಸು ಸಾದಾ, ಹೊಕ್ಕು ಟೆಕ್ಸ್‌ಚರ್ಡ್ ಆಗಿ ಎರಡೂ ಸೇರಿದರೆ ಮಾತ್ರ 85 ದಾಟುವುದಾದರೆ 5407 69. ಹಾಸಿನ ನೂಲನ್ನಷ್ಟೇ ನೋಡಿ 61 ಬರೆದರೆ ಲ್ಯಾಬ್ ವರದಿ ಬಂದಾಗ ಸಿಕ್ಕಿಬೀಳುತ್ತೀರಿ. ಎರಡನ್ನೂ ಬೇರೆಬೇರೆ ತೂಗಿಸಿ.

ಸ್ಟೇಪಲ್ ಪಾಲಿಯೆಸ್ಟರ್ ಶೇ 85ಕ್ಕಿಂತ ಕಡಿಮೆಯಿದ್ದು ಮುಖ್ಯವಾಗಿ ಹತ್ತಿ ಬೆರೆತಿದ್ದರೆ ಚದರ ಮೀಟರಿಗೆ 170 ಗ್ರಾಂವರೆಗೆ 5513, ಮೇಲಾದರೆ 5514. ತೂಕ 170ರ ಆಸುಪಾಸಿನಲ್ಲಿದ್ದರೆ ಸರಬರಾಜುದಾರರ ಮಾತು ನಂಬದೆ ನೀವೇ ತೂಗಿ.

ಹಿಂಬದಿಯ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಲೇಪ ಬರಿಗಣ್ಣಿಗೆ ಕಂಡರೆ ಸಾಮಾನ್ಯವಾಗಿ 5903 20. ಲೇಪದಿಂದ ಬಣ್ಣ ಬದಲಾದದ್ದು ಲೆಕ್ಕಕ್ಕಿಲ್ಲ.

ಪದೇ ಪದೇ ತರಿಸುವ ಮಾಲಿಗೆ ಗೊಂದಲವಿದ್ದರೆ ಕಸ್ಟಮ್ಸ್ ಕಾಯ್ದೆಯ 28ಎಚ್ ಕಲಂನಡಿ ಮುಂಗಡ ತೀರ್ಪಿಗೆ, ಅಂದರೆ ಯಾವ ಕೋಡ್ ಎಂದು ಮೊದಲೇ ತೀರ್ಮಾನಿಸಿಕೊಡಲು, ಅರ್ಜಿ ಹಾಕಿ.